ಗೋಡೆಯ ದೀಪ

ಹೊಸ ಮನೆ ಕಟ್ಟಿಸುವವರನ್ನು ನೀವು ನೋಡಿದ್ದೀರಿ. ಬಹುಶಃ ನೀವೇ ಕಟ್ಟಿಸುತ್ತಲಿದ್ದೀರಿ. ತಲೆಬಾಗಿಲಿಗೆ ಸಾಗವಾನಿಯೋ ಮತ್ತಿಯೋ ಎಂಬ ಚರ್ಚೆ ಒಂದು ತಿಂಗಳು ನಡೆಯುವದು. ನೆಲಕ್ಕೆ ಯಾವ ಕಲ್ಲು, ಒಲೆಯ ಕಟ್ಟೆ ಯಾವ ದಿಕ್ಕಿಗೆ, ದೇವರ ಮನೆ ಎಲ್ಲಿ ಎಂದು ಹಿರಿಯರನ್ನು ಕೇಳುವರು, ಪಂಚಾಂಗ ನೋಡುವರು. ದೀಪ ಎಲ್ಲಿರಬೇಕು ಎಂಬುದನ್ನು ಮಾತ್ರ, ಎಲ್ಲ ಮುಗಿದ ಮೇಲೆ, ತಂತಿ ಎಳೆಯಲು ಬಂದ ಹುಡುಗನಿಗೆ ಬಿಟ್ಟುಬಿಡುವರು. ಅವನು ಏಣಿ ಹಚ್ಚಿ, ಗೋಡೆಯ ನಟ್ಟನಡುವೆ, ಛತ್ತಿಗೆ ಒಂದಡಿ ಕೆಳಗೆ ಎರಡು ಮೊಳೆ ಬಡಿದು ಇಳಿಯುವನು. ಮುಂದೆ ಇಪ್ಪತ್ತೈದು ವರ್ಷ ಆ ಮನೆಯವರೆಲ್ಲ ಅವನು ತೋರಿದ ಜಾಗದ ಬೆಳಕಿನಲ್ಲಿಯೇ ಉಣ್ಣುವರು, ಓದುವರು, ಸೂಜಿಗೆ ದಾರ ಪೋಣಿಸುವರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ಬೆಲೆಯುಂಟು. ಇಲ್ಲಿ ಮನೆಯೆಂದರೆ ಬರೀ ವಾಸದ ಜಾಗವಲ್ಲ. ಎಷ್ಟೋ ಮನೆಗಳಲ್ಲಿ ಅದೇ ಮಗ್ಗದ ಜಾಗ, ಅದೇ ಅಂಗಡಿ, ಅದೇ ಮಕ್ಕಳ ಓದಿನ ಕೋಣೆ. ಹಗಲು ಮುಗಿದ ಮೇಲೂ ಕೆಲಸ ಮುಗಿಯುವದಿಲ್ಲ. ಆದ್ದರಿಂದ ಗೋಡೆಗೆ ಹಚ್ಚುವ ದೀಪ ಇಲ್ಲಿ ಶೃಂಗಾರದ ಸಾಮಾನಲ್ಲ. ಅದು ಕಣ್ಣಿನ ಮತ್ತು ದುಡಿಮೆಯ ಪ್ರಶ್ನೆ. ರೇಡಿಯೋ ಕೇಳುವದಕ್ಕೆ ದೀಪ ಬೇಕಿಲ್ಲವಷ್ಟೆ. ಭಾಷಣವನ್ನು ಕೇಳುತ್ತ ನಿಮ್ಮ ಕೋಣೆಯ ಗೋಡೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಲು ಅಡ್ಡಿಯಿಲ್ಲ.

ಈ ವಿಷಯದಲ್ಲಿ ನಮಗೆ ದೂರದಿಂದ ಗುರುಗಳನ್ನು ಕರೆಸಬೇಕಾಗಿಲ್ಲ. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿಯೇ ಒಬ್ಬ ಗುರು ಕುಳಿತಿದ್ದಾನೆ. ಅವನ ಹೆಸರು ಮಾಡ. ಕೆಲವು ಕಡೆ ಅದಕ್ಕೆ ಗೂಡು ಎನ್ನುವರು.

ಹಳೆಯ ಮಾಳಿಗೆಯ ಮನೆಯನ್ನು ನೆನಪಿಗೆ ತಂದುಕೊಳ್ಳಿರಿ. ಕಲ್ಲು-ಮಣ್ಣಿನ ಗೋಡೆ, ಎರಡು ಅಡಿಯಿಂದ ಮೂರು ಅಡಿ ದಪ್ಪ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಹಾಸು. ಬಿಸಿಲಿನ ನಾಡಾದ್ದರಿಂದ ಕಿಟಕಿ ಕಡಿಮೆ, ಸಣ್ಣವು. ಹಗಲಿನ ಬೆಳಕು ಬಹುಮಟ್ಟಿಗೆ ಮಾಳಿಗೆಯ ಬೆಳಕಿಂಡಿಯಿಂದ ಇಳಿಯಬೇಕು. ಸಂಜೆಯಾದ ಮೇಲೆ ಬೆಳಕು ಗೋಡೆಯಿಂದಲೇ ಹೊರಡಬೇಕು. ಅದಕ್ಕಾಗಿ ಗೌಂಡಿಯು ಗೋಡೆಯನ್ನು ಏರಿಸುವಾಗಲೇ ಅಲ್ಲಲ್ಲಿ ಮಾಡ ಬಿಟ್ಟುಕೊಂಡು ಹೋಗುತ್ತಿದ್ದ. ಬಾಗಿಲ ಪಕ್ಕಕ್ಕೊಂದು, ಪಡಸಾಲೆಯಲ್ಲಿ ಒಂದೆರಡು, ಅಡಿಗೆಯ ಮನೆಯಲ್ಲೊಂದು, ದೇವರ ಜಗಲಿಯ ಮೇಲೊಂದು. ಅಂದರೆ ದೀಪದ ಜಾಗವು ಮನೆಯ ನಕಾಶೆಯಲ್ಲಿಯೇ ಸೇರಿತ್ತು. ಮನೆ ಮುಗಿದ ಮೇಲೆ ಹುಟ್ಟಿದ ಯೋಚನೆ ಅದಲ್ಲ.

ಈ ಮಾಡ ಮಾಡುತ್ತಿದ್ದ ಕೆಲಸಗಳು ನಾಲ್ಕು. ಮೊದಲನೆಯದು, ಗಾಳಿಯಿಂದ ಕುಡಿಯನ್ನು ಕಾಯುವದು. ಇದು ಎಲ್ಲರಿಗೂ ಗೊತ್ತಿದ್ದ ಮಾತು. ಎರಡನೆಯದು, ಬೆಳಕನ್ನು ಮರಳಿಸುವದು. ಮಾಡದ ಒಳಮೈಗೆ ಸುಣ್ಣ ಬಳಿಯುತ್ತಿದ್ದರು. ಸುಣ್ಣವಂತೂ ಈ ನೆಲದ ಹುಟ್ಟು. ಮುಧೋಳ ತಾಲೂಕಿನ ಲೋಕಾಪುರದ ಸುತ್ತಲಿನ ಸುಣ್ಣದ ಕಲ್ಲು ಇಂದು ಸಿಮೆಂಟಿನ ಕಾರಖಾನೆಗಳಿಗೆ ಹೋಗುತ್ತದೆ. ಚೆನ್ನಾಗಿ ಸುಣ್ಣ ಬಳಿದ ಮೈ ತನ್ನ ಮೇಲೆ ಬಿದ್ದ ಬೆಳಕಿನ ಐದರಲ್ಲಿ ನಾಲ್ಕು ಪಾಲನ್ನು ತಿರುಗಿ ಕೊಡುವದು. ಹೊಗೆ ಹಿಡಿದ ಗೋಡೆ ಐದರಲ್ಲಿ ಒಂದು ಪಾಲನ್ನೂ ಕೊಡಲಾರದು. ಮೂರನೆಯದು, ಕುಡಿಯನ್ನು ಕಣ್ಣಿಗೆ ಮರೆಮಾಡುವದು. ಪಕ್ಕದಲ್ಲಿ ಕುಳಿತವನಿಗೆ ಬೆಳಕು ಕಾಣುವದು, ದೀಪ ಕಾಣುವದಿಲ್ಲ. ನಾಲ್ಕನೆಯದು, ದೀಪವನ್ನು ಕೆಲಸದ ಹತ್ತಿರ ತರುವದು. ಮಾಡ ಇರುತ್ತಿದ್ದದ್ದು ಕೈಗೆ ಎಟಕುವಷ್ಟು ಎತ್ತರದಲ್ಲಿ, ಬಹಳ ಕಡೆ ನೆಲದ ಮೇಲೆ ಕುಳಿತವನ ತಲೆಗಿಂತ ತುಸು ಮೇಲೆ.

ಹಾಗೆಂದು ಹಳೆಯದೆಲ್ಲ ಬಂಗಾರವೆಂದು ಹೊಗಳುವ ಮಾತು ಇದಲ್ಲ. ಒಂದು ಬತ್ತಿಯ ಎಣ್ಣೆಯ ದೀಪ ಕೊಡುವ ಬೆಳಕು ಹೆಚ್ಚೆಂದರೆ ಒಂದು ಮೇಣದ ಬತ್ತಿಯಷ್ಟು. ಅದರ ಮುಂದೆ ದುಡಿದ ಕಣ್ಣುಗಳು ಬೇಗ ದಣಿದವು. ಎಣ್ಣೆಯ ದೀಪಕ್ಕೆ ನಾವು ತಿರುಗಿ ಹೋಗಬೇಕಾಗಿಲ್ಲ. ದೀಪ ಬದಲಾದಾಗ ಅದರ ಜಾಗದ ಜಾಣತನವನ್ನೂ ಕೈಬಿಟ್ಟೆವಲ್ಲ, ಅದನ್ನು ಕುರಿತು ವಿಚಾರ ಮಾಡಬೇಕಾಗಿದೆ.

ಸೀಮೆಎಣ್ಣೆ ಬಂದಾಗ ಈ ಜಾಣತನ ಇನ್ನೂ ಉಳಿದಿತ್ತು. ಗೋಡೆಗೆ ತೂಗುಹಾಕುವ ಗಾಜಿನ ಬುರುಡೆಯ ದೀಪವನ್ನು ಹಿರಿಯರು ನೆನೆಯಬಲ್ಲರು. ಅದರ ಬೆನ್ನಿಗೆ ತಳತಳಿಸುವ ತಗಡಿನ ಒಂದು ತಟ್ಟೆ ಇರುತ್ತಿತ್ತು. ಗೋಡೆಯ ಕಡೆಗೆ ಹೋಗಿ ವ್ಯರ್ಥವಾಗುವ ಬೆಳಕನ್ನು ಆ ತಟ್ಟೆ ಕೋಣೆಗೆ ಮರಳಿಸುತ್ತಿತ್ತು. ಮಾಡದ ಸುಣ್ಣದ ಕೆಲಸವನ್ನು ತಗಡು ವಹಿಸಿಕೊಂಡಿತ್ತು, ಅಷ್ಟೆ. ಗೋಡೆಯ ದೀಪವೆಂಬುದು ಪ್ರಪಂಚದ ಎಲ್ಲ ಕಡೆಯೂ ಹೀಗೆಯೇ ಬೆಳೆದಿದೆ. ಯುರೋಪದ ಹಳೆಯ ಮನೆಗಳಲ್ಲಿ ಮೇಣದ ಬತ್ತಿಯ ಹಿಂದೆ ಹಿತ್ತಾಳೆಯ ತಟ್ಟೆ ಅಥವಾ ಕನ್ನಡಿ ಹಚ್ಚುತ್ತಿದ್ದರು. ಕಾರಣ ಒಂದೇ: ಬೆಳಕು ತುಟ್ಟಿ, ಅದರ ಒಂದು ಹನಿಯನ್ನೂ ಚೆಲ್ಲಬಾರದು.

ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ತಿನ ದೀಪ ಬಂದದ್ದು 1905ರಲ್ಲಿ. ನಮ್ಮ ಸೀಮೆಯ ಮನೆಗಳಿಗೆ ಅದು ಬಹಳ ತಡವಾಗಿ, ಒಂದೊಂದಾಗಿ ಬಂತು. ಜಮಖಂಡಿ, ಮುಧೋಳಗಳು 1948ರ ವರೆಗೆ ಸಂಸ್ಥಾನದ ಊರುಗಳು. ವಾಡೆಯ ಝುಂಬರವನ್ನು ಜನರು ಬೆರಗಿನಿಂದ ನೋಡುವ ಕಾಲ ಅದು. ಬಡವರ ಮನೆಗೆ ಬಲ್ಬು ಬಂದಾಗ, ಭಾಗ್ಯಜ್ಯೋತಿಯಂಥ ಯೋಜನೆಗಳಲ್ಲಿ, ಇಡೀ ಮನೆಗೆ ಒಂದೇ ಬಲ್ಬು. ಒಂದೇ ಬಲ್ಬು ಇದ್ದಮೇಲೆ ಅದು ಎಲ್ಲರಿಗೂ ಕಾಣಬೇಕು. ಆದ್ದರಿಂದ ಅದು ಮೇಲಕ್ಕೆ ಏರಿತು. ಕೊಳವೆಯ ದೀಪ ಬಂದಾಗಲೂ ಅದನ್ನು ಅದೇ ಎತ್ತರದಲ್ಲಿ ಕೂಡಿಸಿದೆವು. 2015ರಲ್ಲಿ ಕೇಂದ್ರ ಸರಕಾರವು ಉಜಾಲಾ ಯೋಜನೆಯನ್ನು ಆರಂಭಿಸಿದ ಮೇಲೆ ಎಲ್‌ಇಡಿ ಬಲ್ಬು ಅಗ್ಗವಾಗಿ ಮನೆಮನೆಗೆ ಬಂತು. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದುದಕ್ಕಿಂತ ಹೆಚ್ಚಿನ ಬೆಳಕನ್ನು 9 ವ್ಯಾಟಿನ ಈ ಬಲ್ಬು ಕೊಡುವದು. ಬೆಳಕು ಇಷ್ಟು ಸೋವಿಯಾದ ಮೇಲೆ ಒಂದೇ ಬಲ್ಬನ್ನು ಮುಗಿಲಿಗೆ ಏರಿಸುವ ಕಾರಣವೇ ಇಲ್ಲ. ಆದರೂ ಅದು ಅಲ್ಲಿಯೇ ಕುಳಿತಿದೆ. ರೂಢಿಯನ್ನು ಇಳಿಸುವದು ಬಲ್ಬನ್ನು ಇಳಿಸಿದಷ್ಟು ಸುಲಭವಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಕಠಿಣವಾದದ್ದಲ್ಲ. ದೀಪವು ಒಟ್ಟು ಚೆಲ್ಲುವ ಬೆಳಕನ್ನು ಲ್ಯೂಮೆನ್ ಎಂಬ ಮಾನದಿಂದ ಅಳೆಯುವರು. ಬಲ್ಬಿನ ಡಬ್ಬಿಯ ಮೇಲೆ ಅದನ್ನು ಬರೆದಿರುವರು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ಒಂದು ಮೇಣದ ಬತ್ತಿಯಿಂದ ಒಂದು ಮೀಟರ್ ದೂರದಲ್ಲಿ ಹಿಡಿದ ಪುಸ್ತಕದ ಮೇಲೆ ಸುಮಾರು ಒಂದು ಲಕ್ಸ್ ಬೆಳಕು ಬೀಳುವದು. ದೂರ ಇಮ್ಮಡಿಯಾದರೆ ಬೆಳಕು ಅರ್ಧವಾಗುವದಿಲ್ಲ, ಕಾಲುಭಾಗವಾಗುವದು. ದೂರ ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಪಾಲು. ಇದು ಪ್ರಕೃತಿಯ ನಿಯಮ. ಯಾವ ಕಂಪನಿಯ ಬಲ್ಬೂ ಇದನ್ನು ಮೀರದು.

ಈಗ 800 ಲ್ಯೂಮೆನ್ನಿನ ಒಂದು ಬಲ್ಬು ಎಲ್ಲ ಕಡೆಗೂ ಸಮನಾಗಿ ಬೆಳಕು ಚೆಲ್ಲುವದೆಂದು ಹಿಡಿಯಿರಿ. ಒಂದು ಮೀಟರ್ ದೂರದಲ್ಲಿ ಅದರಿಂದ ಬೀಳುವದು ಸುಮಾರು 64 ಲಕ್ಸ್. ಎರಡು ಮೀಟರಿಗೆ 16. ಮೂರು ಮೀಟರಿಗೆ ಬರೀ 7. ಛತ್ತಿನ ಕೆಳಗಿನ ಬಲ್ಬಿಗೂ, ನೆಲದ ಮೇಲೆ ಕುಳಿತು ಪಾಟಿಯ ಮೇಲೆ ಬರೆಯುವ ಮಗುವಿಗೂ ಇರುವ ದೂರ ಹೆಚ್ಚುಕಡಿಮೆ ಇಷ್ಟೇ. ಬಿಳಿಯ ಗೋಡೆಗಳು ಮರಳಿಸಿದ ಬೆಳಕನ್ನು ಕೂಡಿಸಿದರೆ ಅದು ಇಮ್ಮಡಿ, ಮುಮ್ಮಡಿ ಆದೀತು. ಆದರೆ ದೀರ್ಘಕಾಲದ ಓದಿಗೆ ಭಾರತೀಯ ಮಾನಕಗಳು ಹೇಳುವದು ಸುಮಾರು 300 ಲಕ್ಸ್. ಎಲ್ಲಿಯ ಇಪ್ಪತ್ತು, ಎಲ್ಲಿಯ ಮುನ್ನೂರು! ಅದೇ ಬಲ್ಬು 300 ಲಕ್ಸ್ ಕೊಡಬೇಕಾದರೆ ಎಷ್ಟು ಹತ್ತಿರ ಬರಬೇಕು? ಲೆಕ್ಕ ಹಾಕಿದರೆ ಸುಮಾರು 46 ಸೆಂಟಿಮೀಟರ್. ಅಂದರೆ ಹದಿನೆಂಟು ಅಂಗುಲ. ನಮ್ಮ ಒಂದು ಮೊಳ. ಹಿಂದೆ ಒಂದು ತಟ್ಟೆ ಇಟ್ಟು ವ್ಯರ್ಥ ಹೋಗುವ ಬೆಳಕನ್ನು ಮುಂದಕ್ಕೆ ತಿರುಗಿಸಿದರೆ ಒಂದೂವರೆ ಮೊಳ ದೂರವಿದ್ದರೂ ನಡೆದೀತು. ಮಾಡವನ್ನು ಕೈಗೆ ಎಟಕುವಲ್ಲಿ ಇಟ್ಟ ಗೌಂಡಿಗೆ ಲ್ಯೂಮೆನ್ ಗೊತ್ತಿರಲಿಲ್ಲ, ಮೊಳ ಗೊತ್ತಿತ್ತು.

ಆದ್ದರಿಂದ ಮೊದಲನೆಯ ಸೂತ್ರ ಇದು: ಇಡೀ ಕೋಣೆಗೆ ಒಂದು ದೊಡ್ಡ ದೀಪಕ್ಕಿಂತ ಕೆಲಸದ ಹತ್ತಿರ ಎರಡು ಸಣ್ಣ ದೀಪ ಮೇಲು. ಹತ್ತಿರ ಎಂದರೆ ಗೋಡೆ. ಏಕೆಂದರೆ ನಮ್ಮ ಮನೆಗಳಲ್ಲಿ ಜನರು ಕುಳಿತುಕೊಳ್ಳುವದು ಗೋಡೆಗೆ ಒರಗಿ.

ಎರಡನೆಯ ಸೂತ್ರಕ್ಕೆ ಈ ಕುಳಿತುಕೊಳ್ಳುವ ರೀತಿಯೇ ಕಾರಣ. ಅಂಗಡಿಯಲ್ಲಿ ದೊರೆಯುವ ಗೋಡೆಯ ದೀಪಗಳ ಚಿತ್ರಪುಸ್ತಕವನ್ನು ತೆರೆದು ನೋಡಿರಿ. ಎಲ್ಲ ಚಿತ್ರಗಳಲ್ಲಿಯೂ ಸೋಫಾ, ಎತ್ತರದ ಮಂಚ, ಊಟದ ಮೇಜು. ದೀಪವನ್ನು ಐದೂವರೆ ಅಡಿಯಿಂದ ಆರು ಅಡಿ ಎತ್ತರದಲ್ಲಿ ಹಚ್ಚಬೇಕೆಂದು ಬರೆದಿರುವರು. ಅದು ನಿಂತವನ ಕಣ್ಣಿಗೂ ಕುರ್ಚಿಯಲ್ಲಿ ಕುಳಿತವನ ಕಣ್ಣಿಗೂ ಸರಿಹೊಂದಿಸಿದ ಲೆಕ್ಕ. ಕುರ್ಚಿಯಲ್ಲಿ ಕುಳಿತವನ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ. ಚಾಪೆಯ ಮೇಲೆ ಕುಳಿತವನ ಕಣ್ಣು ಎರಡೂವರೆ ಅಡಿ. ಮಲಗಿದ ಕೂಸಿನ ಕಣ್ಣು ಇನ್ನೂ ಕೆಳಗೆ. ತಳ ತೆರೆದ ಬಟ್ಟಲಿನಂಥ ದೀಪವು ನಿಂತವನಿಗೆ ಸುಂದರವಾಗಿ ಕಾಣುವದು; ಕೆಳಗೆ ಚಾಪೆಯ ಮೇಲೆ ಕುಳಿತವನಿಗೆ ಅದರೊಳಗಿನ ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯುವದು. ಬಲ್ಬು ಕಣ್ಣಿಗೆ ಹೊಡೆದಾಗ ಪಾಪೆ ಕುಗ್ಗುವದು. ಕುಗ್ಗಿದ ಪಾಪೆಗೆ ಕೈಯೊಳಗಿನ ಪುಸ್ತಕ ಇನ್ನಷ್ಟು ಕಪ್ಪಾಗಿ ಕಾಣುವದು. ಬೆಳಕು ಹೆಚ್ಚಿದ್ದೂ ಕಾಣದಂತಾಗುವ ವಿಚಿತ್ರ ಇದೇ. ಆಗ ನಾವು ಇನ್ನೂ ದೊಡ್ಡ ಬಲ್ಬು ತರುತ್ತೇವೆ, ರೋಗವನ್ನು ಇನ್ನೂ ಬೆಳೆಸುತ್ತೇವೆ.

ಹಾಗಾದರೆ ನಮ್ಮ ಪಡಸಾಲೆಯ ಗೋಡೆಗೆ ಎಂಥ ದೀಪ ಬೇಕು? ತಳ ಮುಚ್ಚಿ ಮೇಲೆ ತೆರೆದ ಅರ್ಧ ಬಟ್ಟಲು ಒಂದು ಬಗೆ. ಬಲ್ಬು ಒಳಗೆ ಅಡಗುವದು, ಬೆಳಕು ಗೋಡೆಯನ್ನೂ ಛತ್ತನ್ನೂ ತೊಯ್ಯಿಸಿ ಕೆಳಗಿಳಿಯುವದು. ಗೋಡೆಯೇ ದೀಪವಾಗುವದು ಎಂದರೂ ಸರಿಯೆ. ಇದು ಮಾತುಕತೆಗೆ, ಊಟಕ್ಕೆ, ರೇಡಿಯೋ ಕೇಳುವದಕ್ಕೆ ಹಿತವಾದ ಬೆಳಕು, ಓದಿಗೆ ಸಾಲದು. ಓದಿಗೆ ಇನ್ನೊಂದು ಬಗೆ: ಗೋಡೆಯಿಂದ ಹೊರಚಾಚಿದ ಮಡಚುವ ಕೈ, ಅದರ ತುದಿಗೆ ಒಳಮೈ ಬಿಳಿಯಾದ, ಬಲ್ಬಿಗಿಂತ ಆಳವಾದ ತಗಡಿನ ಟೊಪ್ಪಿಗೆ. ಅದನ್ನು ಕುಳಿತವನ ಭುಜಕ್ಕಿಂತ ಮೇಲೆ, ಎಡಗಡೆಗೆ, ಬಾಯಿ ಕೆಳಗಾಗಿ ತಿರುಗಿಸಬೇಕು. ಬಲಗೈಯಿಂದ ಬರೆಯುವವನಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳದು, ಎಡಗೈಯವನಿಗೆ ಬಲದಿಂದ. ಟೊಪ್ಪಿಗೆಯ ಅಂಚು ಬಲ್ಬಿಗಿಂತ ಕೆಳಗೆ ಇಳಿದಿರಬೇಕು, ಎದುರು ಗೋಡೆಗೆ ಕುಳಿತವನ ಕಣ್ಣಿಗೂ ಬಲ್ಬು ಕಾಣದಷ್ಟು. ಈ ದೀಪ ಮಾಡಲು ದೂರದ ಊರಿನ ಅಂಗಡಿ ಬೇಕಿಲ್ಲ. ನಿಮ್ಮ ಪೇಟೆಯ ತಗಡಿನ ಕೆಲಸದವನು ಮಾಡಿಕೊಟ್ಟಾನು.

ಇನ್ನು ರಬಕವಿ-ಬನಹಟ್ಟಿಯ ಕಡೆಗೆ ಬರೋಣ. ಅಲ್ಲಿ ಬೆಳಕು ಕೂಲಿಯ ಪ್ರಶ್ನೆ. ಕುಣಿಮಗ್ಗದಲ್ಲಿ ನೇಕಾರನು ನೆಲದ ಮಟ್ಟಕ್ಕೆ ಕುಳಿತು, ಕಾಲನ್ನು ಕುಣಿಯಲ್ಲಿ ಇಳಿಬಿಟ್ಟು, ಹಾಸಿನ ನೂರಾರು ಎಳೆಗಳ ಮೇಲೆ ಕಣ್ಣಿಟ್ಟಿರುವನು. ಒಂದು ಎಳೆ ಹರಿದದ್ದು ಕಾಣದೆ ಹೋದರೆ ಬಟ್ಟೆಯಲ್ಲಿ ಗೆರೆ ಬೀಳುವದು. ಗೆರೆ ಬಿದ್ದ ಸೀರೆಗೆ ಕೂಲಿ ಕಡಿಮೆಯಾಗುವದು. ದೀಪ ಅವನ ಬೆನ್ನ ಹಿಂದೆ ಮೇಲಿದ್ದರೆ ಅವನ ತಲೆಯ ನೆರಳೇ ಬಟ್ಟೆಯ ಮೇಲೆ ಬೀಳುವದು. ಎದುರಿಗೆ ಬರಿಯ ಬಲ್ಬು ತೂಗಿದರೆ ಕಣ್ಣಿಗೆ ಹೊಡೆಯುವದು. ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ದೀಪವಿದ್ದರೆ ಒಂದರ ನೆರಳನ್ನು ಇನ್ನೊಂದು ಅಳಿಸುವದು. ಅವೆರಡೂ ಮಗ್ಗದ ತುಸು ಮುಂದಕ್ಕೆ ಚಾಚಿ, ಟೊಪ್ಪಿಗೆ ಹಾಕಿಕೊಂಡು, ಎಳೆಗಳಿಗೆ ಅಡ್ಡವಾಗಿ ಓರೆಯಾಗಿ ಬೆಳಕು ಬೀಳಿಸಬೇಕು. ಓರೆಯ ಬೆಳಕಿನಲ್ಲಿ ಒಂದೊಂದು ಎಳೆಗೂ ತನ್ನದೇ ಸಣ್ಣ ನೆರಳು ಹುಟ್ಟುವದು. ಹರಿದ ಎಳೆಯ ಜಾಗದಲ್ಲಿ ಆ ಸಾಲು ಮುರಿದು, ಕಣ್ಣು ಅಲ್ಲಿಗೆ ತಾನಾಗಿ ಹೋಗುವದು. ನೇರವಾಗಿ ಮೇಲಿಂದ ಸುರಿಯುವ ಬೆಳಕಿನಲ್ಲಿ ಎಲ್ಲವೂ ಒಂದೇ ಹಾಳೆಯಂತೆ ಕಾಣುವದು. ಮಗ್ಗವು ಒಂದು ಗೋಡೆಗೆ ಹತ್ತಿರವೂ ಇನ್ನೊಂದಕ್ಕೆ ದೂರವೂ ಇರುವದು ಸಾಮಾನ್ಯ. ಹತ್ತಿರದ ಗೋಡೆಯಿಂದ ಮಡಚುವ ಕೈ, ದೂರದ ಪಕ್ಕಕ್ಕೆ ಮಗ್ಗದ ಕಂಬದಿಂದ ಇನ್ನೊಂದು ಕೈ ಎಂದು ಹೊಂದಿಸಿಕೊಳ್ಳಬಹುದು.

ವಿದ್ಯುತ್ ಮಗ್ಗದ ಮನೆಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ನಮ್ಮ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುವದು. ಅದರಿಂದ ಹಳೆಯ ಕೊಳವೆಯ ದೀಪಗಳೂ ಕೆಲವು ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಸಲ ಮಿಣುಕುವವು. ಬರಿಗಣ್ಣಿಗೆ ಇದು ತಿಳಿಯದು. ಆದರೆ ಅಂಥ ಬೆಳಕಿನಲ್ಲಿ ವೇಗದಿಂದ ತಿರುಗುವ ಗಾಲಿಯು ನಿಧಾನವಾಗಿ ತಿರುಗುವಂತೆಯೋ, ನಿಂತೇ ಇರುವಂತೆಯೋ ತೋರಬಲ್ಲದು. ನಿಂತಿದೆಯೆಂದು ಕೈ ಹಾಕಿದವನ ಗತಿ ಏನು? ಯಂತ್ರವಿರುವ ಗೋಡೆಗೆ ಮಿಣುಕದ, ಒಳ್ಳೆಯ ಡ್ರೈವರ್ ಉಳ್ಳ ದೀಪವನ್ನೇ ಹಚ್ಚಬೇಕು. ಮೊಬೈಲಿನ ಕ್ಯಾಮರಾವನ್ನು ದೀಪದ ಕಡೆಗೆ ಹಿಡಿದರೆ, ಬಹಳ ಮಿಣುಕುವ ದೀಪವಾಗಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡುವದು ಸಾಮಾನ್ಯವಾಗಿ ಕಾಣುವದು. ಇಷ್ಟು ಪರೀಕ್ಷೆಗೆ ಖರ್ಚಿಲ್ಲ.

ಬಣ್ಣದ ಮಾತೂ ಇದೆ. ಹತ್ತನೆಯ ಶತಮಾನದ ಮಹಾಕವಿ ರನ್ನನು ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದವನು. ಬಳೆಗಾರರಿಗೂ ಸೀರೆ ಮಾರುವವರಿಗೂ ಒಂದು ಸತ್ಯ ಚೆನ್ನಾಗಿ ಗೊತ್ತು: ಬಣ್ಣವನ್ನು ಹಗಲಿನಲ್ಲಿಯೇ ನೋಡಬೇಕು. ರಾತ್ರಿ ಅಂಗಡಿಯಲ್ಲಿ ಕುಂಕುಮದ ಬಣ್ಣವೆಂದು ಕೊಂಡ ಸೀರೆ ಬೆಳಗಿನ ಬಿಸಿಲಿಗೆ ಇಟ್ಟಂಗಿಯ ಬಣ್ಣವಾಗಿ ಕಂಡರೆ ಗಿರಾಕಿಯು ಅಂಗಡಿಯವನನ್ನು ಬೈಯುವನು. ತಪ್ಪು ದೀಪದ್ದಿರಬಹುದು. ದೀಪವು ಬಣ್ಣಗಳನ್ನು ಎಷ್ಟು ಪ್ರಾಮಾಣಿಕವಾಗಿ ತೋರಿಸುವದೆಂಬುದಕ್ಕೆ 100ರ ವರೆಗಿನ ಒಂದು ಅಂಕ ಉಂಟು. ಸಿಆರ್‌ಐ ಎಂದು ಅದನ್ನು ಡಬ್ಬಿಯ ಮೇಲೆ ಬರೆದಿರುವರು. ಮನೆಯ ಸಾಮಾನ್ಯ ಕೆಲಸಕ್ಕೆ 80 ಸಾಕು. ಸೀರೆ ನೇಯುವ, ನೂಲಿಗೆ ಬಣ್ಣ ಕೂಡಿಸುವ, ಬಟ್ಟೆ ಮಾರುವ ಗೋಡೆಗೆ 90ಕ್ಕೆ ಕಡಿಮೆಯಾದದ್ದನ್ನು ಕೊಳ್ಳಬಾರದು. ಇನ್ನೊಂದು ಅಂಕ ಕೆಲ್ವಿನ್ ಎಂಬ ಮಾನದ್ದು. 2700 ಎಂದರೆ ಹಳೆಯ ಬಲ್ಬಿನಂಥ ಬೆಚ್ಚನೆಯ ಹಳದಿ ಬೆಳಕು; 6500 ಎಂದರೆ ನೀಲಿಯ ಛಾಯೆಯ ಬಿಳುಪು. ಪಡಸಾಲೆಗೂ ಮಲಗುವ ಕೋಣೆಗೂ ಮೊದಲನೆಯದು ಹಿತ. ಮಗ್ಗಕ್ಕೂ ಅಂಗಡಿಗೂ 4000ಕ್ಕಿಂತ ಮೇಲಿನದು ಆದೀತು. ಬಿಳುಪು ಹೆಚ್ಚಿದ್ದರೆ ಬೆಳಕು ಹೆಚ್ಚು ಎಂಬ ನಂಬಿಕೆ ಪೇಟೆಯಲ್ಲಿದೆ, ಅದು ಸರಿಯಲ್ಲ. ಬೆಳಕಿನ ಅಳತೆ ಲ್ಯೂಮೆನ್ನಿನಲ್ಲಿದೆ, ಬಿಳುಪಿನಲ್ಲಿಲ್ಲ.

ಇಷ್ಟರಲ್ಲಿ ನೀವು ಕೇಳಬಹುದು: ಮಾಡದ ಮಾತನ್ನು ಆಡುತ್ತೀರಿ, ಆದರೆ ಈಗಿನ ಗೋಡೆಯಲ್ಲಿ ಮಾಡಕ್ಕೆ ಜಾಗವೆಲ್ಲಿ? ಪ್ರಶ್ನೆ ನ್ಯಾಯವಾದದ್ದು. 1964ರಲ್ಲಿ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು. ಮುಂದೆ ಕೃಷ್ಣೆಯ ಹಿನ್ನೀರು ಏರಿದಂತೆ ಬೀಳಗಿ ತಾಲೂಕಿನ ಎಷ್ಟೋ ಊರುಗಳ ಜನ ತಮ್ಮ ದಪ್ಪ ಗೋಡೆಯ ಮನೆಗಳನ್ನು ಬಿಟ್ಟು ಪುನರ್ವಸತಿಯ ಊರುಗಳಿಗೆ ನಡೆದರು. ತೊಲೆ, ಬಾಗಿಲು, ಕಂಬಗಳನ್ನು ಬಿಚ್ಚಿ ಗಾಡಿಯ ಮೇಲೆ ಹೇರಿಕೊಂಡು ಹೋಗಬಹುದು. ಮಾಡವನ್ನು ಹೇರಿಕೊಂಡು ಹೋಗಲು ಬರುವದಿಲ್ಲ. ಅದು ಗೋಡೆಯ ಜೊತೆಗೇ ಮುಳುಗುವದು. 2019ರ ಆಗಸ್ಟಿನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಮಹಾಪೂರದಲ್ಲಿ ಹೊಳೆಯ ದಂಡೆಯ ಊರುಗಳ ಮಣ್ಣಿನ ಮನೆಗಳು ಇನ್ನಷ್ಟು ಬಿದ್ದವು. ಹೊಸದಾಗಿ ಎದ್ದ ಮನೆಗಳ ಗೋಡೆ ಒಂಬತ್ತು ಅಂಗುಲದ ಇಟ್ಟಂಗಿಯದು. ಒಳಗೋಡೆಯಂತೂ ನಾಲ್ಕೂವರೆ ಅಂಗುಲ.

ಒಂಬತ್ತು ಅಂಗುಲದ ಗೋಡೆಯಲ್ಲಿಯೂ ಮಾಡ ಸಾಧ್ಯವಿದೆ. ಗೋಡೆ ಕಟ್ಟುವಾಗಲೇ ಅರ್ಧ ಇಟ್ಟಂಗಿಯ ಆಳ ಬಿಟ್ಟರೆ ನಾಲ್ಕೂವರೆ ಅಂಗುಲದ ಗೂಡು ದೊರೆಯುವದು. ಹಿಂದೆ ಅರ್ಧ ಇಟ್ಟಂಗಿ ಉಳಿಯುವದು. ಅಗಲ ಒಂದಡಿ, ಎತ್ತರ ಒಂದೂವರೆ ಅಡಿ ಸಾಕು; ಮೇಲೆ ಒಂದು ಕಲ್ಲಿನ ಹಾಸು ಇರಲೇಬೇಕು. ಒಳಗಿನ ಅಂಚುಗಳನ್ನು ನೇರವಾಗಿ ಬಿಡದೆ ಹೊರಕ್ಕೆ ಓರೆಯಾಗಿ ತೆರೆಯಿಸಿ ಸುಣ್ಣ ಬಳಿಸಿರಿ. ಬಲ್ಬನ್ನು ಗೂಡಿನ ನಡುವೆ ಇಡದೆ, ಮೇಲಂಚಿನ ಒಳಗೆ ಅಡಗಿಸಿರಿ ಇಲ್ಲವೆ ಕೆಳಗೆ ಎರಡು ಅಂಗುಲದ ಅಡ್ಡಪಟ್ಟಿಯ ಹಿಂದೆ ಕೂಡಿಸಿರಿ. ಎಲ್‌ಇಡಿ ಬಲ್ಬು ತಂಪು ಎಂದು ತಿಳಿಯಬಾರದು. ಅದರ ಬುಡ ಕಾಯುವದು, ಕಾಯ್ದರೆ ಅದರ ಆಯುಷ್ಯ ಕಡಿಮೆಯಾಗುವದು. ಆದ್ದರಿಂದ ಗೂಡಿನ ಬಾಯಿಗೆ ಗಾಜು ಬಿಗಿದು ಮುಚ್ಚಬಾರದು. ನಾಲ್ಕೂವರೆ ಅಂಗುಲದ ಗೋಡೆಯನ್ನು ಮಾತ್ರ ಕೊರೆಯುವ ಗೊಡವೆಗೆ ಹೋಗಬೇಡಿರಿ. ಕಟ್ಟಿ ಮುಗಿದ ಗೋಡೆಯನ್ನು, ಅದರಲ್ಲಿಯೂ ಮೇಲಿನ ಭಾರ ಹೊತ್ತ ಗೋಡೆಯನ್ನು, ದೀಪದ ಆಸೆಗೆ ಒಡೆಯುವದು ಅಪಾಯ. ಅಲ್ಲಿ ಹೊರಚಾಚಿದ ದೀಪವೇ ಸರಿ. ಜನ ಓಡಾಡುವ ದಾರಿಯಲ್ಲಿ ಅದು ಗೋಡೆಯಿಂದ ನಾಲ್ಕು ಅಂಗುಲಕ್ಕಿಂತ ಹೆಚ್ಚು ಮುಂದೆ ಬಾರದಿರಲಿ. ನೀರಿನ ಕೊಡ ಹೊತ್ತು ಬರುವವರ ಹೆಗಲಿಗೆ ಬಡಿಯಬಾರದು.

ಹಳೆಯ ಕಲ್ಲುಗೋಡೆಯ ಮನೆ ಇನ್ನೂ ನಿಮ್ಮದಾಗಿದ್ದರೆ ನೀವು ಭಾಗ್ಯವಂತರು. ಮಾಡಗಳನ್ನು ಇಟ್ಟಂಗಿಯಿಂದ ಮುಚ್ಚಿಸಿ ಮಟ್ಟ ಮಾಡುವ ಹವ್ಯಾಸ ಈಚೆಗೆ ಬೆಳೆದಿದೆ. ದಯಮಾಡಿ ಹಾಗೆ ಮಾಡಬೇಡಿರಿ. ಅಲ್ಲಿ ಒಂದು ಸಣ್ಣ ಬಲ್ಬು ಇಟ್ಟರೆ ಸಾವಿರಾರು ರೂಪಾಯಿಯ ಝುಂಬರ ಕೊಡದ ಶಾಂತವಾದ ಬೆಳಕು ದೊರೆಯುವದು. ಕಬ್ಬಿನ ದುಡ್ಡಿನಿಂದ ಕಟ್ಟಿದ ಹೊಸ ಬಂಗಲೆಗಳಲ್ಲಿ ನಡುಮನೆಗೆ ದೊಡ್ಡ ಝುಂಬರ ತೂಗಿರುವದನ್ನು ನೋಡುತ್ತೇವೆ. ಹಬ್ಬಕ್ಕೆ ಅದು ಇರಲಿ. ದಿನದ ಸಂಸಾರಕ್ಕೆ ಅದನ್ನು ಯಾರೂ ಹಚ್ಚುವದಿಲ್ಲ. ಅದರ ಧೂಳು ಒರೆಸಲು ಏಣಿ ಬೇಕು. ಗೋಡೆಯ ದೀಪವನ್ನು ನೆಲದ ಮೇಲೆ ನಿಂತು ಒರೆಸಬಹುದು. ಒರೆಸದ ದೀಪ ತನ್ನ ಬೆಳಕಿನ ಒಂದು ದೊಡ್ಡ ಪಾಲನ್ನು ಧೂಳಿಗೆ ಕೊಡುವದೆಂಬುದನ್ನು ಮರೆಯಬಾರದು.

ಕಲ್ಲಿನ ಗೋಡೆಯ ಚೆಲುವನ್ನು ತೋರಿಸಬೇಕೆಂದಿದ್ದರೆ ದೀಪವನ್ನು ಗೋಡೆಗೆ ಆರರಿಂದ ಹನ್ನೆರಡು ಅಂಗುಲ ಹತ್ತಿರವಿಟ್ಟು ಬೆಳಕನ್ನು ಗೋಡೆಯ ಗುಂಟ ಹರಿಯಿಸಿರಿ. ಉಳಿಯ ಒಂದೊಂದು ಪೆಟ್ಟೂ ಎದ್ದು ಕಾಣುವದು. ಇದೇ ಬೆಳಕನ್ನು ಕಳಪೆ ಗಿಲಾವಿನ ಗೋಡೆಗೆ ಹಚ್ಚಿದರೆ ಗೌಂಡಿಯ ತಪ್ಪೆಲ್ಲವೂ ಹಾಗೆಯೇ ಎದ್ದು ಕಾಣುವದು. ದೀಪ ಯಾರ ಪಕ್ಷವನ್ನೂ ವಹಿಸುವದಿಲ್ಲ.

ಮನೆಯೊಳಗೆ ಎಲ್ಲರೂ ಮರೆಯುವ ಎರಡು ಜಾಗಗಳಿವೆ. ಒಂದು ಅಡಿಗೆಯ ಕಟ್ಟೆ. ದೀಪ ಕೋಣೆಯ ನಡುವಿನಲ್ಲಿದ್ದರೆ ಒಲೆಯ ಕಡೆಗೆ ಮುಖ ಮಾಡಿ ನಿಂತವಳ ನೆರಳು ಅವಳ ಈಳಿಗೆಯ ಮೇಲೆಯೇ ಬೀಳುವದು. ಅವಳ ಎದುರಿನ ಗೋಡೆಗೆ, ಹಲಗೆಯ ಕೆಳಗೆ, ಮರೆಯಾಗಿ ಒಂದು ಉದ್ದನೆಯ ದೀಪ ಬೇಕು. ಇನ್ನೊಂದು ಹೊಸ್ತಿಲು ಮತ್ತು ಮೆಟ್ಟಿಲು. ಅರವತ್ತು ವರ್ಷದವರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು ಇಪ್ಪತ್ತು ವರ್ಷದವರಿಗೆ ಮುಟ್ಟುವದರ ಮೂರರಲ್ಲಿ ಒಂದು ಪಾಲು ಮಾತ್ರ. ಮಗನಿಗೆ ಸ್ವಚ್ಛವಾಗಿ ಕಾಣುವ ಹೊಸ್ತಿಲು ತಾಯಿಗೆ ಕಾಣಲಿಕ್ಕಿಲ್ಲ. ಅವಳು ರಾತ್ರಿ ಎದ್ದಾಗ ತಲೆಯ ಮೇಲಿನ ದೊಡ್ಡ ದೀಪ ಹಚ್ಚಿದರೆ ಕಣ್ಣು ಕತ್ತಲಿಸುವದು, ಮನೆಯವರು ಎಚ್ಚರಾಗುವರು. ಆದ್ದರಿಂದ ಅವಳು ದೀಪವನ್ನೇ ಹಚ್ಚದೆ ಕತ್ತಲಲ್ಲಿ ನಡೆಯುವಳು. ಬಿದ್ದು ಸೊಂಟ ಮುರಿದುಕೊಂಡ ಮುದುಕಿಯರ ಕತೆ ಎಲ್ಲ ಓಣಿಗಳಲ್ಲಿಯೂ ಇದೆ. ಗೋಡೆಯ ಬುಡದಲ್ಲಿ, ನೆಲದಿಂದ ಒಂದಡಿಯ ಒಳಗೆ, ಒಂದು ವ್ಯಾಟಿನ ಬೆಚ್ಚನೆಯ ಬಣ್ಣದ ದೀಪವೊಂದು ಬೆಳಕನ್ನು ಕೆಳಮುಖವಾಗಿ ಚೆಲ್ಲುತ್ತಿದ್ದರೆ ಸಾಕು. ಮೆಟ್ಟಿಲು ಸಾಲಾಗಿದ್ದರೆ ಎರಡು-ಮೂರು ಮೆಟ್ಟಿಲಿಗೊಂದು. ರಾತ್ರಿಯೆಲ್ಲ ಉರಿದರೂ ಅಂಥ ಒಂದು ದೀಪಕ್ಕೆ ತಿಂಗಳಿಗೆ ಅರ್ಧ ಯೂನಿಟ್ ಸಹ ಆಗುವದಿಲ್ಲ. ಇಡೀ ಮನೆಯಲ್ಲಿ ಒಂದೇ ಒಂದು ಗೋಡೆಯ ದೀಪಕ್ಕೆ ದುಡ್ಡಿದ್ದರೆ ಅದನ್ನು ಪಡಸಾಲೆಗಲ್ಲ, ಇಲ್ಲಿಗೆ ಹಚ್ಚಿರಿ.

ತಂತಿಯ ವಿಷಯದಲ್ಲಿ ಕೃಪಣತನ ಬೇಡ. ಕೈಗೆ ಎಟಕುವ ದೀಪವನ್ನು ಮಕ್ಕಳೂ ಮುಟ್ಟುವರು. ಲೋಹದ ದೀಪವಾಗಿದ್ದರೆ ಅದಕ್ಕೆ ಭೂಸ್ಪರ್ಶದ ತಂತಿ ಇರಲೇಬೇಕು, ಮನೆಯ ಮುಖ್ಯ ಫಲಕದಲ್ಲಿ 30 ಮಿಲಿ ಆಂಪಿಯರಿನ ಸೋರಿಕೆಗೆ ಕಡಿದುಕೊಳ್ಳುವ ಸ್ವಿಚ್ಚು ಇರಬೇಕು. ಹಳೆಯ ಮಣ್ಣಿನ ಗೋಡೆಯನ್ನು ತಂತಿಗಾಗಿ ಉದ್ದಕ್ಕೂ ಕೊರೆಯದೆ ಕೊಳವೆಯಲ್ಲಿ ಹೊರಗಿನಿಂದಲೇ ಒಯ್ಯಿರಿ. ಮಳೆಗಾಲದಲ್ಲಿ ನೀರು ಒಸರುವ ಗೋಡೆಗೆ ದೀಪ ಬೇಡ.

ಕೊನೆಗೆ, ಇದೆಲ್ಲ ನೆನಪಿನಲ್ಲಿ ಉಳಿಯದಿದ್ದರೂ ಚಿಂತೆಯಿಲ್ಲ. ಒಂದು ಕೆಲಸ ಮಾಡಿದರೆ ಸಾಕು. ಗೋಡೆ ಎದ್ದ ಮೇಲೆ, ಗಿಲಾವು ಆಗುವ ಮೊದಲು, ಒಂದು ಸಂಜೆ ಉದ್ದನೆಯ ತಂತಿಗೆ ಒಂದು ಬಲ್ಬು ಕಟ್ಟಿಕೊಂಡು ಮನೆಯವರೆಲ್ಲ ಆ ಮನೆಗೆ ಹೋಗಿರಿ. ಮಗ ಓದುವ ಜಾಗದಲ್ಲಿ ಮಗನನ್ನು ಕೂಡಿಸಿರಿ, ಒಲೆಯ ಮುಂದೆ ಮಡದಿಯನ್ನು ನಿಲ್ಲಿಸಿರಿ, ಹೊಸ್ತಿಲ ಬಳಿ ಮುದುಕರನ್ನು ನಡೆಸಿರಿ. ಬಲ್ಬನ್ನು ಗೋಡೆಯ ಗುಂಟ ಮೇಲೆ ಕೆಳಗೆ ಸರಿಸುತ್ತ, ಕೆಲಸ ಕಂಡು ದೀಪ ಕಾಣದ ಜಾಗ ಯಾವುದೆಂದು ಅವರನ್ನೇ ಕೇಳಿರಿ. ಅವರು ‘ಇಲ್ಲಿ’ ಎಂದ ಕಡೆ ಸುಣ್ಣದಿಂದ ಗುರುತು ಹಾಕಿರಿ. ಮರುದಿನ ತಂತಿ ಎಳೆಯುವ ಹುಡುಗನು ಬಂದಾಗ ಅವನಿಗೆ ಆ ಗುರುತುಗಳನ್ನು ತೋರಿಸಿರಿ. ಒಂದು ಸಂಜೆಯ ಈ ಖರ್ಚು ಇಪ್ಪತ್ತೈದು ವರ್ಷಗಳ ಸಂಜೆಗಳಿಗೆ ಸಾಕಾಗುವದು.